ದಾಲ್ಮೇಷಿಯಾ ತೀರದ ಪ್ರೇಕ್ಷಣೀಯ ಸ್ಥಳಗಳು: ವಾಸದಿಂದ ಉಳಿದ ಕಟ್ಟಡಗಳು

ಇಟಲಿ ದೇಶಕ್ಕೆ ಎದುರಾಗಿ, ಆಡ್ರಿಯಾಟಿಕ್ ಸಮುದ್ರದ ಪೂರ್ವತೀರದಲ್ಲಿ ಹಬ್ಬಿರುವ ಕಿರಿದಾದ ಭೂಭಾಗಕ್ಕೆ ದಾಲ್ಮೇಷಿಯಾ ಎಂದು ಹೆಸರು. ಬೆನ್ನ ಹಿಂದೆ ಬೋಳಾದ ಸುಣ್ಣಕಲ್ಲಿನ ಪರ್ವತಶ್ರೇಣಿ, ಮುಂದೆ ಸಮುದ್ರದಲ್ಲಿ ಚೆದರಿದ ದ್ವೀಪಸಮೂಹ, ಇವೆರಡರ ನಡುವೆ ಅಲ್ಲಲ್ಲಿ ಬಂದರುಪಟ್ಟಣಗಳು. ಗ್ರೀಕರು ಇಲ್ಲಿ ವಸಾಹತುಗಳನ್ನು ಸ್ಥಾಪಿಸಿದರು. ರೋಮನರು ಇದನ್ನು ಒಂದು ಪ್ರಾಂತವನ್ನಾಗಿ ಮಾಡಿದರು. ಅನಂತರ ಸ್ಲಾವ್ ಜನರು ಬಂದು ನೆಲಸಿದರು. ಹದಿನೈದನೆಯ ಶತಮಾನದ ಆದಿಯಿಂದ 1797ರ ವರೆಗೆ ತೀರದ ಬಹುಭಾಗವು ವೆನಿಸ್ ಗಣರಾಜ್ಯದ ಅಧೀನದಲ್ಲಿತ್ತು. ಆಮೇಲೆ ಆಸ್ಟ್ರಿಯ, ಆಮೇಲೆ ಯುಗೊಸ್ಲಾವಿಯ. 1991ರಿಂದ ಸ್ವತಂತ್ರ ಕ್ರೊಯೇಷಿಯ. ಈಗ ಯೂರೋಪಿನ ಜನರು ಬೇಸಗೆಯ ರಜೆಯನ್ನು ಕಳೆಯಲು ಲಕ್ಷಗಟ್ಟಲೆ ಇಲ್ಲಿಗೆ ಬರುತ್ತಾರೆ.

ಹೀಗೆ ಬರುವವರ ಕೈಗೆ ದೊರೆಯುವ ಮಾರ್ಗದರ್ಶಿಗಳಲ್ಲಿ ನೋಡತಕ್ಕ ಸ್ಥಳಗಳ ಪಟ್ಟಿಯೊಂದು ಇದ್ದೇ ಇರುತ್ತದೆ. ಪಟ್ಟಿಯನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಅದರಲ್ಲಿ ಹೆಸರಿಸಿದ ಸ್ಥಳಗಳು ನಿಜವಾಗಿಯೂ ನೋಡತಕ್ಕವೇ. ಆದರೆ ಇತಿಹಾಸದ ವಿದ್ಯಾರ್ಥಿಗೆ ಅವುಗಳ ಮುಂದೆ ನಿಂತಾಗ ಬೇರೊಂದು ಪ್ರಶ್ನೆ ಏಳುತ್ತದೆ. ಇಷ್ಟು ಯುದ್ಧಗಳಾದ, ಇಷ್ಟು ಸಲ ಒಡೆಯರು ಬದಲಾದ ಈ ತೀರದಲ್ಲಿ ಇವು ಹೇಗೆ ಉಳಿದವು? ಯಾರೂ ಮುಟ್ಟದೆ ಕಾಪಾಡಿದ್ದರಿಂದ ಉಳಿದವೆಂದು ಮೊದಲಿಗೆ ತೋರಬಹುದು. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾದುದು. ಜನರು ಅವುಗಳಲ್ಲಿ ವಾಸಮಾಡಿದ್ದರಿಂದ, ಅವುಗಳನ್ನು ಒಡೆದು, ಮುಚ್ಚಿ, ಸೇರಿಸಿ, ತಮ್ಮ ಕೆಲಸಕ್ಕೆ ಒಗ್ಗಿಸಿಕೊಂಡದ್ದರಿಂದಲೇ ಅವು ಉಳಿದಿವೆ.

ಇದಕ್ಕೆ ಪ್ರಧಾನ ನಿದರ್ಶನವು ಸ್ಪ್ಲಿಟ್ ನಗರ. ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಈ ಸೀಮೆಯವನೇ. ಸಾಮಾನ್ಯ ಕುಲದಲ್ಲಿ ಹುಟ್ಟಿ, ಸೈನ್ಯದಲ್ಲಿ ಮೇಲೇರಿ, ಕ್ರಿ.ಶ. 284ರಲ್ಲಿ ಪಟ್ಟಕ್ಕೆ ಬಂದು, ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಆಳಿ, 305ರಲ್ಲಿ ಸ್ವೇಚ್ಛೆಯಿಂದ ಸಿಂಹಾಸನವನ್ನು ತ್ಯಜಿಸಿದನು. ರೋಮನ್ ಚರಿತ್ರೆಯಲ್ಲಿ ಇದು ಅತ್ಯಪೂರ್ವವಾದ ಘಟನೆ. ಮರಳಿ ಅಧಿಕಾರ ವಹಿಸಬೇಕೆಂದು ಬೇಡಿಕೊಂಡವರಿಗೆ ಅವನು ತಾನು ಸ್ವಹಸ್ತದಿಂದ ಬೆಳೆಸಿದ ಕಾಯಿಪಲ್ಲೆಯನ್ನು ನೋಡಬನ್ನಿರೆಂದು ಉತ್ತರಕೊಟ್ಟನೆಂದು ಒಂದು ಪ್ರಾಚೀನ ಗ್ರಂಥವು ಹೇಳುತ್ತದೆ. ಮಾರ್ಗದರ್ಶಿಗಳು ಇದನ್ನು ಎಲೆಕೋಸು ಎಂದೇ ನಿರ್ಧರಿಸಿಬಿಟ್ಟಿವೆ. ಮೂಲದಲ್ಲಿರುವ ಶಬ್ದಕ್ಕೆ ಕಾಯಿಪಲ್ಲೆ ಎಂದಷ್ಟೇ ಅರ್ಥ.

ವಿಶ್ರಾಂತಿಗಾಗಿ ಅವನು ಕಟ್ಟಿಸಿದ ಅರಮನೆಯು ಸಮುದ್ರದ ಅಂಚಿನಲ್ಲಿ, ಸುಮಾರು 215 ಮೀಟರು ಉದ್ದ, 180 ಮೀಟರು ಅಗಲದ ಚತುಷ್ಕೋಣಾಕಾರದಲ್ಲಿದೆ. ಸುತ್ತಲೂ ಗೋಪುರಗಳಿಂದ ಕೂಡಿದ ಪ್ರಾಕಾರ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ನಡುವೆ ಒಂದನ್ನೊಂದು ಕತ್ತರಿಸುವ ಎರಡು ಬೀದಿಗಳು. ನೋಟಕ್ಕೆ ಅರಮನೆಗಿಂತ ಹೆಚ್ಚಾಗಿ ರೋಮನ್ ಸೈನ್ಯದ ಪಾಳೆಯವನ್ನೇ ಹೋಲುತ್ತದೆ. ಬಿಳಿಯ ಸುಣ್ಣಕಲ್ಲು ಎದುರಿನ ಬ್ರಾಚ್ ದ್ವೀಪದಿಂದ ಬಂದಿತು. ಕಂಬಗಳಲ್ಲಿ ಹಲವು ಈಜಿಪ್ಟಿನ ಗ್ರಾನೈಟ್ ಶಿಲೆಯವು. ಈಜಿಪ್ಟಿನಿಂದಲೇ ತಂದ ಸಿಂಹನಾರಿಯ ವಿಗ್ರಹಗಳಲ್ಲಿ ಒಂದು ಇಂದಿಗೂ ನಡುವಣ ಅಂಗಳದಲ್ಲಿ ಮಲಗಿದೆ. ಅದು ಡಯೋಕ್ಲೀಷಿಯನ್ನನ ಕಾಲಕ್ಕೇ ಸಾವಿರದ ಏಳುನೂರು ವರ್ಷಗಳಷ್ಟು ಹಳೆಯದಾಗಿದ್ದಿತು. ದಕ್ಷಿಣಾರ್ಧದಲ್ಲಿ ಚಕ್ರವರ್ತಿಯ ವಾಸಗೃಹ, ದೇವಾಲಯ ಮತ್ತು ಅವನಿಗಾಗಿಯೇ ನಿರ್ಮಿಸಿದ ಸಮಾಧಿಮಂದಿರ. ಉತ್ತರಾರ್ಧದಲ್ಲಿ ಕಾವಲುಪಡೆ, ಪರಿಚಾರಕರು, ಉಗ್ರಾಣ.

ಅರಮನೆಯಿಂದ ಐದಾರು ಕಿಲೊಮೀಟರು ದೂರದಲ್ಲಿ ಸಲೋನಾ ಎಂಬ ಪ್ರಾಂತ ರಾಜಧಾನಿ ಇದ್ದಿತು. ಏಳನೆಯ ಶತಮಾನದ ಮೊದಲರ್ಧದಲ್ಲಿ ಅವಾರರ ಮತ್ತು ಸ್ಲಾವರ ದಾಳಿಗೆ ತುತ್ತಾಗಿ ಅದು ಹಾಳಾಯಿತು. ದ್ವೀಪಗಳಿಗೆ ಓಡಿಹೋದ ನಿವಾಸಿಗಳಲ್ಲಿ ಕೆಲವರು ಕಾಲಾನಂತರ ಹಿಂದಿರುಗಿ, ಬರಿದಾಗಿದ್ದ ಈ ಅರಮನೆಯ ಗೋಡೆಗಳೊಳಗೆ ಆಶ್ರಯ ಪಡೆದರೆಂದು ಪರಂಪರೆ. ಹದಿಮೂರನೆಯ ಶತಮಾನದಲ್ಲಿ ಸ್ಪ್ಲಿಟ್ಟಿನ ಧರ್ಮಾಧಿಕಾರಿಯಾಗಿದ್ದ ಥಾಮಸ್ ಎಂಬಾತನು ತನ್ನ ಚರಿತ್ರೆಯಲ್ಲಿ ಈ ಪ್ರವೇಶವನ್ನು ವರ್ಣಿಸಿದ್ದಾನೆ. ಅವನ ಪ್ರಕಾರ, ಹಣವುಳ್ಳವರು ಮನೆ ಕಟ್ಟಿಕೊಂಡರು. ಅದಕ್ಕೆ ಸಾಲದವರು ಕೋಟೆಯ ಗೋಪುರಗಳಲ್ಲಿ ಬಿಡಾರ ಮಾಡಿದರು. ಉಳಿದ ಬಡವರು ನೆಲಮಾಳಿಗೆಯ ಕಮಾನುಗಳಡಿಯಲ್ಲಿ ಸೇರಿಕೊಂಡರು. ಥಾಮಸ್ ಬರೆದದ್ದು ಘಟನೆಯಾಗಿ ಆರುನೂರು ವರ್ಷಗಳ ಮೇಲೆ. ಆದುದರಿಂದ ಅವನ ಒಂದೊಂದು ಮಾತನ್ನೂ ಪ್ರಮಾಣವೆಂದು ಗ್ರಹಿಸಲಾಗದು. ಆದರೆ ಒಂದು ಅರಮನೆಯು ಊರಾಗಿ ಮಾರ್ಪಟ್ಟ ಬಗೆಯನ್ನು ಇಷ್ಟು ಸಂಕ್ಷೇಪವಾಗಿ ಹೇಳಿದವರು ಬೇರೊಬ್ಬರಿಲ್ಲ.

ಹೀಗೆ ಊರಾದ ಅರಮನೆಯಲ್ಲಿ ಒಂದೊಂದು ಭಾಗಕ್ಕೂ ಹೊಸ ಉಪಯೋಗ ಒದಗಿತು. ಇದರಲ್ಲಿ ಸಮಾಧಿಮಂದಿರದ ಗತಿ ವಿಶೇಷ ಗಮನಾರ್ಹವಾದುದು. ಹೊರಗೆ ಅಷ್ಟಕೋಣಾಕಾರದ, ಒಳಗೆ ವೃತ್ತಾಕಾರದ ಈ ಕಟ್ಟಡದ ಸುತ್ತಲೂ ಕಂಬಸಾಲಿನ ಪ್ರದಕ್ಷಿಣಾಪಥವಿದೆ. 303ರಲ್ಲಿ ಕ್ರೈಸ್ತರನ್ನು ಹಿಂಸಿಸಲು ಆಜ್ಞೆ ಹೊರಡಿಸಿದವನು ಡಯೋಕ್ಲೀಷಿಯನ್. ಅದರ ಫಲವಾಗಿ 304ರಲ್ಲಿ ಸಲೋನಾದ ಬಿಷಪ್ ಡೋಮ್ನಿಯಸ್ ಅಲ್ಲಿಯ ರಂಗಭೂಮಿಯಲ್ಲಿ ಪ್ರಾಣವನ್ನು ಕಳೆದುಕೊಂಡನು. ಸಲೋನಾದಿಂದ ಬಂದ ಕ್ರೈಸ್ತರು ಚಕ್ರವರ್ತಿಯ ಸಮಾಧಿಯನ್ನೇ ತಮ್ಮ ಪ್ರಧಾನ ಇಗರ್ಜಿಯನ್ನಾಗಿ ಮಾಡಿಕೊಂಡು, ಅದೇ ಡೋಮ್ನಿಯಸ್ಸನ ಹೆಸರನ್ನು ಅದಕ್ಕೆ ಇಟ್ಟರು. ಚಕ್ರವರ್ತಿಯ ಶವಪೆಟ್ಟಿಗೆ ಕಾಣದಂತಾಯಿತು. ಆದರೆ ಗುಮ್ಮಟದ ಕೆಳಗಿನ ಚಿತ್ರಪಟ್ಟಿಕೆಯಲ್ಲಿ ಬೇಟೆಯ ಮತ್ತು ರಥದೋಟದ ಶಿಲ್ಪಗಳ ನಡುವೆ ಎರಡು ಮುಖಗಳಿವೆ. ಅವು ಡಯೋಕ್ಲೀಷಿಯನ್ ಮತ್ತು ಅವನ ಪತ್ನಿ ಪ್ರಿಸ್ಕಳವೆಂದು ವಿದ್ವಾಂಸರ ಊಹೆ. ಈ ಊಹೆ ಸರಿಯಾದಲ್ಲಿ, ತಾನು ಕೊಲ್ಲಿಸಿದವನ ಪೂಜಾವೇದಿಯನ್ನು ಅವನು ಶತಮಾನಗಳಿಂದ ಮೇಲಿನಿಂದ ನೋಡುತ್ತ ಬಂದಿದ್ದಾನೆ ಎಂದಾಯಿತು! ಇಗರ್ಜಿಯ ಬಾಗಿಲುಗಳನ್ನು 1214ರಲ್ಲಿ ಆಂದ್ರಿಯಾ ಬೂವಿನಾ ಎಂಬ ಶಿಲ್ಪಿಯು ಮರದಲ್ಲಿ ಕೆತ್ತಿದನು. ಕ್ರಿಸ್ತನ ಜೀವನದ ಇಪ್ಪತ್ತೆಂಟು ದೃಶ್ಯಗಳು ಅದರಲ್ಲಿವೆ. ಪ್ರವಾಸಿಗಳು ಗಂಟೆಗೋಪುರದ ಮೆಟ್ಟಲುಗಳಿಗಾಗಿ ಸಾಲುನಿಂತು ಈ ಬಾಗಿಲುಗಳ ಮುಂದೆ ಕಣ್ಣೆತ್ತದೆ ಹಾದುಹೋಗುವುದನ್ನು ನಾವು ಕಂಡೆವು.

ದೇವಾಲಯದ ಕಥೆಯೂ ಇಂಥದೇ. ಜೂಪಿಟರ್ ದೇವತೆಯದೆಂದು ಪ್ರತೀತಿಯಿರುವ ಆ ಚಿಕ್ಕ ಗುಡಿಯು ದೀಕ್ಷಾಸ್ನಾನದ ಮಂದಿರವಾಯಿತು. ಮೇಲಿನ ರೋಮನ್ ಕಮಾನುಛಾವಣಿ ಅಖಂಡವಾಗಿ ಉಳಿದಿದೆ. ಕೆಳಗಿನ ದೀಕ್ಷಾಕುಂಡದ ಒಂದು ಫಲಕದಲ್ಲಿ ಹನ್ನೊಂದನೆಯ ಶತಮಾನದ ಕ್ರೊಯೇಷಿಯನ್ ರಾಜನೊಬ್ಬನು ಕಿರೀಟಧಾರಿಯಾಗಿ ಕುಳಿತಿದ್ದಾನೆ. ಉತ್ತರದ ಬಾಗಿಲಿನ ಮೇಲೆ ಕಾವಲುಗಾರರು ಓಡಾಡುತ್ತಿದ್ದ ಇಕ್ಕಟ್ಟಾದ ಓಣಿಯಿದ್ದಿತು. ಅಗಲವು ಒಂದು ಮಾರಿನಷ್ಟೂ ಇಲ್ಲದ ಆ ಓಣಿಯಲ್ಲಿಯೇ ಸಂತ ಮಾರ್ಟಿನನ ಇಗರ್ಜಿಯನ್ನು ಅಡಕಿಸಿದ್ದಾರೆ. ಪಟ್ಟಣದವರಿಗೆ ಜಾಗದ ಅಭಾವ ಎಷ್ಟಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ನೆಲಮಾಳಿಗೆಯ ವಿಷಯದಲ್ಲಿ ಅಲಕ್ಷ್ಯವೇ ಉಪಕಾರ ಮಾಡಿತು. ನೆಲವು ಸಮುದ್ರದ ಕಡೆಗೆ ಇಳಿಜಾರಾಗಿದ್ದುದರಿಂದ, ಚಕ್ರವರ್ತಿಯ ವಾಸಗೃಹವನ್ನು ಸಮಮಟ್ಟಕ್ಕೆ ಎತ್ತಲು ಅದರ ಕೆಳಗೆ ಕಮಾನುಗಳ ಕೋಣೆಗಳನ್ನು ಕಟ್ಟಿದ್ದರು. ಕೆಳಗಿನ ಒಂದೊಂದು ಗೋಡೆಯೂ ಮೇಲಿನ ಒಂದೊಂದು ಗೋಡೆಯನ್ನು ಹೊತ್ತಿದ್ದಿತು. ಮೇಲಿನ ಕೋಣೆಗಳು ಬಹುಮಟ್ಟಿಗೆ ಅಳಿದುಹೋದವು. ಕೆಳಗಿನವುಗಳಲ್ಲಿ ಕೆಲವನ್ನು ಎಣ್ಣೆಗಾಣಕ್ಕೂ ದಾಸ್ತಾನಿಗೂ ಬಳಸಿ, ಉಳಿದವುಗಳಿಗೆ ಮೇಲಿನ ಮನೆಗಳವರು ಶತಮಾನಗಳ ಕಾಲ ಕಸವನ್ನು ಸುರಿಯುತ್ತ ಬಂದರು. ಕಸವು ಗೋಡೆಗಳನ್ನು ಒತ್ತಿಹಿಡಿದು ಬೀಳದಂತೆ ಮಾಡಿತು. ಇಪ್ಪತ್ತನೆಯ ಶತಮಾನದ ನಡುವಿನಿಂದ ಅದನ್ನು ಹೊರತೆಗೆದಾಗ, ಕೆಳಗಿನ ವಿನ್ಯಾಸವನ್ನು ಅನುಸರಿಸಿ ಮೇಲೆ ಇದ್ದ ಅರಮನೆಯ ನಕ್ಷೆಯನ್ನು ಬರೆಯುವುದು ಸಾಧ್ಯವಾಯಿತು. ಪ್ರವಾಸಿಯು ಈಗ ಆ ತಂಪಾದ ಹಜಾರಗಳಲ್ಲಿ ನಡೆಯುವಾಗ, ಚಕ್ರವರ್ತಿಯ ಮನೆಯ ನೆರಳಿನಲ್ಲಿ ನಡೆಯುತ್ತಿದ್ದಾನೆ ಎಂದರೆ ಉತ್ಪ್ರೇಕ್ಷೆಯಾಗದು.

ವಿದ್ವಲ್ಲೋಕಕ್ಕೆ ಈ ಅರಮನೆಯನ್ನು ಪರಿಚಯಿಸಿದ ಕೀರ್ತಿಯು ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ರಾಬರ್ಟ್ ಆಡಮ್ಮನದು. ಅವನು 1757ರಲ್ಲಿ ಫ್ರೆಂಚ್ ಚಿತ್ರಕಾರ ಕ್ಲೆರಿಸೋ ಮೊದಲಾದವರೊಂದಿಗೆ ಬಂದು, ಐದು ವಾರಗಳಲ್ಲಿ ಅಳತೆಯ ಕೆಲಸವನ್ನು ಪೂರೈಸಿದನು. ಕೋಟೆಯ ರಹಸ್ಯಗಳನ್ನು ತಿಳಿಯಲು ಬಂದ ಗೂಢಚಾರರೆಂದು ವೆನಿಸ್ಸಿನ ಅಧಿಕಾರಿಗಳು ಅವರನ್ನು ಶಂಕಿಸಿದ್ದರು. 1764ರಲ್ಲಿ ಪ್ರಕಟವಾದ ಆಡಮ್ಮನ ಭವ್ಯ ಗ್ರಂಥದ ಪ್ರಭಾವವು ಇಂಗ್ಲೆಂಡಿನ ಕಟ್ಟಡಗಳ ಮೇಲೆ ಬಹಳವಾಗಿ ಆಯಿತು. ಆದರೆ ಆಡಮ್ ಒಂದು ರೂಢಿಯನ್ನೂ ಹಾಕಿಕೊಟ್ಟನು. ತನ್ನ ಪುನಾರಚನೆಯ ಚಿತ್ರಗಳಲ್ಲಿ ಅವನು ಮಧ್ಯಯುಗದ ಮನೆಗಳನ್ನೆಲ್ಲ ಅಳಿಸಿ, ರೋಮನ್ ಅರಮನೆಯನ್ನು ಮಾತ್ರ ನಿಲ್ಲಿಸಿದನು. ಕಾಗದದ ಮೇಲೆ ಹೀಗೆ ಮಾಡುವುದರಿಂದ ಯಾರಿಗೂ ಹಾನಿಯಿಲ್ಲ.

ಹಾನಿಯ ಸಂಭವ ಬಂದುದು ನೂರ ಐವತ್ತು ವರ್ಷಗಳ ಅನಂತರ. ಆಸ್ಟ್ರಿಯದ ಆಳಿಕೆಯ ಕೊನೆಯ ದಶಕಗಳಲ್ಲಿ, ಸಮಾಧಿಮಂದಿರವನ್ನು ಮರೆಮಾಡಿರುವ ಈಚಿನ ಕಟ್ಟಡಗಳನ್ನು ಕೆಡವಿ, ಅದು ಎಲ್ಲ ಕಡೆಯಿಂದಲೂ ಕಾಣುವಂತೆ ಮಾಡಬೇಕೆಂಬ ಅಭಿಪ್ರಾಯ ಬಲವಾಯಿತು. ಸಲೋನಾದ ಉತ್ಖನನಗಳಿಂದ ಪ್ರಖ್ಯಾತರಾದ ಪಾದ್ರಿ ಫ್ರಾನೆ ಬೂಲಿಚ್ ಅವರು ಈ ಪಕ್ಷದಲ್ಲಿದ್ದರು. ವಿಯೆನ್ನಾದ ಕಲಾಚರಿತ್ರಕಾರ ಅಲೋಯಿಸ್ ರೀಗಲ್ ಅವರು ಸ್ಥಳಕ್ಕೆ ಬಂದು ಪರಿಶೀಲಿಸಿ, 1903ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಅರಮನೆಯೊಳಗಿನ ಮಧ್ಯಯುಗದ ಮತ್ತು ಅನಂತರದ ಕಟ್ಟಡಗಳ ಹಿತವನ್ನು ಕಾಪಾಡುವುದೇ ಆ ವರದಿಯ ವಿಷಯ. ಪ್ರಾಚೀನವಾದುದಕ್ಕೆ ಮಾತ್ರ ಬೆಲೆಯೆಂದು ಭಾವಿಸಿ ಈಚಿನದನ್ನು ಕಿತ್ತೊಗೆದರೆ, ಕಾಲವು ಒಂದರ ಮೇಲೊಂದು ಬರೆದ ಲೇಖವನ್ನೇ ಅಳಿಸಿದಂತಾಗುತ್ತದೆ ಎಂಬುದು ಅವರ ವಾದದ ತಿರುಳು. ವಾದವು ಒಂದು ಕಡೆಗೆ ತೀರಲಿಲ್ಲ. ಕೆಲವು ಮನೆಗಳು ಹೋದವು, 1920ರ ದಶಕದಲ್ಲಿ ಬಿಷಪ್ಪರ ಹಳೆಯ ನಿವಾಸವೂ ಹೋಯಿತು, ಬಹುಭಾಗ ಉಳಿಯಿತು. ಬೂಲಿಚ್ ಅವರ ವಿದ್ವತ್ತಿನಲ್ಲಿ ನಮಗೆ ಅಪಾರ ಗೌರವವಿದೆ. ಆದರೂ ಈ ವಿಷಯದಲ್ಲಿ ನಾವು ರೀಗಲ್ ಅವರ ಪಕ್ಷವನ್ನೇ ಹಿಡಿಯುತ್ತೇವೆ. ಆ ಮನೆಗಳವರು ತಮ್ಮ ಗೋಡೆಗೆ ಆನಿಸಿಕೊಳ್ಳದಿದ್ದಲ್ಲಿ ಆ ಕಂಬಗಳು ನಿಂತಿರುತ್ತಿದ್ದವೇ ಎಂಬುದು ಸಂದೇಹ.

ಈ ಸಂದೇಹಕ್ಕೆ ಆಧಾರ ಹತ್ತಿರದಲ್ಲಿಯೇ ಇದೆ. ಜನವಾಸ ನಿಂತುಹೋದ ಸಲೋನಾ ನಗರವು ಸುತ್ತಲಿನ ಊರುಗಳಿಗೆ ಕಲ್ಲಿನ ಗಣಿಯಾಯಿತು. ಹದಿನೇಳನೆಯ ಶತಮಾನದಲ್ಲಿ, ತುರ್ಕರು ಕೋಟೆಯಂತೆ ಬಳಸಿಯಾರೆಂಬ ಭಯದಿಂದ ವೆನಿಸ್ಸಿನವರು ಅಲ್ಲಿಯ ರಂಗಭೂಮಿಯನ್ನು ಕೆಡವಿಸಿದರು. ಇಂದು ಸೋಲಿನ್ ಎಂಬ ಹೆಸರಿನ ಆ ಸ್ಥಳದಲ್ಲಿ ದ್ರಾಕ್ಷಿತೋಟಗಳ ನಡುವೆ ಗೋಡೆಗಳ ತಳಪಾಯ, ರಂಗಭೂಮಿಯ ಅಂಡಾಕಾರದ ರೇಖೆ, ಡೋಮ್ನಿಯಸ್ಸನನ್ನು ಹೂಳಿದ ಶ್ಮಶಾನದ ಶವಪೆಟ್ಟಿಗೆಗಳು ಮಾತ್ರ ಕಾಣುತ್ತವೆ. ರಾಜಧಾನಿಯು ನೆಲಸಮವಾಗಿ, ಅದರ ನಿರಾಶ್ರಿತರು ಹೊಕ್ಕ ಮನೆ ಎದ್ದುನಿಂತಿದೆ. ಸ್ಪ್ಲಿಟ್ ನೋಡಿದವರು ಅರ್ಧದಿನವನ್ನಾದರೂ ಸೋಲಿನ್ನಿಗೆ ಮೀಸಲಿಡಬೇಕು. ಒಂದನ್ನು ನೋಡದೆ ಇನ್ನೊಂದು ಅರ್ಥವಾಗುವುದಿಲ್ಲ. ಹೋಗುವ ದಾರಿಯಲ್ಲಿ ಡಯೋಕ್ಲೀಷಿಯನ್ನನ ಮೇಲ್ಗಾಲುವೆಯ ಕಮಾನುಗಳು ಸಿಕ್ಕುತ್ತವೆ. ಯಾದ್ರೊ ನದಿಯ ಉಗಮದಿಂದ ಒಂಬತ್ತು ಕಿಲೊಮೀಟರು ದೂರ ನೀರು ತರುತ್ತಿದ್ದ ಈ ಕಾಲುವೆಯನ್ನು ದುರಸ್ತು ಮಾಡಿ, 1880ರಲ್ಲಿ ಮತ್ತೆ ಸ್ಪ್ಲಿಟ್ಟಿಗೆ ನೀರು ಹರಿಸಿದರು.

1979ರಲ್ಲಿ ಯುನೆಸ್ಕೋ ಸಂಸ್ಥೆಯು ಅರಮನೆಯನ್ನೂ ಹಳೆಯ ಪಟ್ಟಣವನ್ನೂ ಕೂಡಿಸಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಗೋಡೆಗಳೊಳಗಿನ ನಿವಾಸಿಗಳು ಕೆಲವು ದಶಕಗಳಿಂದ ಕಡಿಮೆಯಾಗುತ್ತ ಬಂದಿದ್ದಾರೆ. ಮನೆಗಳನ್ನು ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟು, ತಾವು ಹೊರಗಿನ ಬಡಾವಣೆಗಳಿಗೆ ಹೋಗುವುದು ಲಾಭಕರವಾಗಿದೆ. ಅವರನ್ನು ದೂಷಿಸುವುದು ಸುಲಭ. ಕಡಿದಾದ ಮೆಟ್ಟಲು, ಬಿಸಿಲು ಕಾಣದ ಕೋಣೆ, ರಾತ್ರಿಯೆಲ್ಲ ಕೆಳಗಿನ ಪಾನಗೃಹದ ಗದ್ದಲ, ಇವುಗಳ ನಡುವೆ ಬಾಳಬೇಕಾದವರು ನಾವಲ್ಲ. ಆದರೂ ಸೆಪ್ಟೆಂಬರ್ ತಿಂಗಳ ಒಂದು ಮುಂಜಾನೆ ಆ ಓಣಿಗಳಲ್ಲಿ ತಿರುಗುತ್ತಿದ್ದಾಗ, ರೋಮನ್ ಗೋಡೆಯಿಂದ ಎದುರಿನ ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ಮುದುಕಿಯೊಬ್ಬಳು ಬಟ್ಟೆ ಒಣಹಾಕುತ್ತಿದ್ದಳು. ಆ ಓಣಿಯಲ್ಲಿ ಉಳಿದ ಬಾಗಿಲುಗಳ ಮೇಲೆಲ್ಲ ಬಾಡಿಗೆಯ ಕೋಣೆಯ ಫಲಕಗಳಿದ್ದವು.

ಸ್ಪ್ಲಿಟ್ಟಿಗೆ ಪಶ್ಚಿಮದಲ್ಲಿರುವ ತ್ರೋಗಿರ್ ಒಂದು ಪುಟ್ಟ ದ್ವೀಪವನ್ನು ತುಂಬಿದ ಪಟ್ಟಣ. ಒಂದು ಸೇತುವೆ ಅದನ್ನು ನೆಲಕ್ಕೂ ಇನ್ನೊಂದು ಪಕ್ಕದ ದ್ವೀಪಕ್ಕೂ ಜೋಡಿಸುತ್ತದೆ. ಇಲ್ಲಿ ತಪ್ಪದೆ ನೋಡಬೇಕಾದುದು ಸಂತ ಲಾರೆನ್ಸನ ಇಗರ್ಜಿಯ ಮಹಾದ್ವಾರ. ರಾದೋವಾನ್ ಎಂಬ ಶಿಲ್ಪಿಯು 1240 ಎಂಬ ವರ್ಷವನ್ನೂ ತನ್ನ ಹೆಸರನ್ನೂ ಅದರ ಮೇಲೆ ಕೊರೆದಿದ್ದಾನೆ. ಎರಡು ಪಕ್ಕಗಳಲ್ಲಿ ಸಿಂಹಗಳ ಮೇಲೆ ಆದಾಮ ಮತ್ತು ಹವ್ವ. ಅವರ ಒಳಗಡೆ ಸಂತರು. ಇವರ ನಡುವೆ ತಿಂಗಳುಗಳ ಕಾಯಕದ ಚಿತ್ರಗಳು. ದ್ರಾಕ್ಷಿಬಳ್ಳಿಯನ್ನು ಸವರುವವನು, ಹಂದಿಯನ್ನು ಕೊಯ್ಯುವವನು ಮೊದಲಾದ ಊರಿನ ಜನರಿಗೆ ಅಲ್ಲಿ ಸಂತರ ಪಕ್ಕದಲ್ಲಿಯೇ ಎಡೆ ದೊರೆತಿದೆ. ಪೆಟ್ರೋನಿಯಸ್ಸನ ಲ್ಯಾಟಿನ್ ಕಥನದಲ್ಲಿ ಬರುವ ಟ್ರಿಮಾಲ್ಕಿಯೋನ ಔತಣದ ಪ್ರಸಂಗವು ಪೂರ್ಣವಾಗಿ ದೊರೆತುದು ಈ ಊರಿನ ಖಾಸಗಿ ಗ್ರಂಥಭಂಡಾರವೊಂದರಲ್ಲಿ, 1650ರ ಸುಮಾರಿಗೆ. ಹಸ್ತಪ್ರತಿ ಈಗ ಪ್ಯಾರಿಸ್ಸಿನಲ್ಲಿದೆ.

ಇನ್ನೂ ವಾಯವ್ಯಕ್ಕೆ ಹೋದರೆ ಶಿಬೆನಿಕ್. ಸಂತ ಜೇಮ್ಸನ ಇಗರ್ಜಿಯ ನಿರ್ಮಾಣ 1431ರಲ್ಲಿ ಪ್ರಾರಂಭವಾಗಿ, ಮುಗಿಯಲು ನೂರು ವರ್ಷಗಳಿಗೂ ಹೆಚ್ಚು ಹಿಡಿಯಿತು. 1441ರಲ್ಲಿ ಕೆಲಸವನ್ನು ವಹಿಸಿಕೊಂಡ ಯೂರಾಯ್ ದಾಲ್ಮಾತಿನಾತ್ಸ್ ಎಂಬ ಸ್ಥಪತಿ ಇದನ್ನು ಸಂಪೂರ್ಣವಾಗಿ ಶಿಲೆಯಲ್ಲಿಯೇ ಕಟ್ಟುವ ವಿಧಾನವನ್ನು ರೂಢಿಸಿದನು; ಅವನ ತರುವಾಯ ಬಂದ ಫ್ಲಾರೆನ್ಸಿನ ನಿಕೊಲಾಸ್ ಗುಮ್ಮಟವನ್ನೂ ಛಾವಣಿಯನ್ನೂ ಅದೇ ವಿಧಾನದಲ್ಲಿ ಮುಂದುವರಿಸಿದನು. ಬಡಗಿಯು ಹಲಗೆಗಳನ್ನು ಗಾಡಿಯಲ್ಲಿ ಕೂರಿಸುವಂತೆ, ದೊಡ್ಡ ಕಲ್ಲಿನ ಚಪ್ಪಡಿಗಳನ್ನು ಕಲ್ಲಿನ ತೊಲೆಗಳ ಗಾಡಿಗಳಲ್ಲಿ ಕೂರಿಸಿದ್ದಾರೆ. ಹೊರಗೋಡೆಯ ಸುತ್ತ ಎಪ್ಪತ್ತೊಂದು ಮಾನವಮುಖಗಳಿವೆ. ಚಂದಾ ಕೊಡಲು ಒಪ್ಪದ ಲೋಭಿಗಳ ಮುಖಗಳಿವು ಎಂದು ಊರಿನವರು ಕಥೆ ಹೇಳುತ್ತಾರೆ; ಕಥೆ ನಿಜವೋ ಸುಳ್ಳೋ, ಮುಖಗಳು ಮಾತ್ರ ಬೀದಿಯಲ್ಲಿ ಕಂಡವರವೇ ಎಂಬುದರಲ್ಲಿ ಸಂಶಯವಿಲ್ಲ. 1991ರ ಸೆಪ್ಟೆಂಬರಿನಲ್ಲಿ ಫಿರಂಗಿಯ ಗುಂಡು ಗುಮ್ಮಟಕ್ಕೆ ತಗುಲಿತು. ಕೆಲವೇ ವರ್ಷಗಳಲ್ಲಿ ಜೀರ್ಣೋದ್ಧಾರವಾಯಿತು.

ನಮ್ಮ ವಾದಕ್ಕೆ ವಿರೋಧವಾದ ಸಾಕ್ಷ್ಯವೂ ಈ ತೀರದಲ್ಲಿ ಇದೆಯೆಂಬುದನ್ನು ಮುಚ್ಚಿಡಲಾಗದು. ಅದು ಝಾದರ್ ನಗರದಲ್ಲಿದೆ. ಅಲ್ಲಿ ಒಂಬತ್ತನೆಯ ಶತಮಾನದಲ್ಲಿ ರೋಮನ್ ಚೌಕದ ನೆಲಗಟ್ಟಿನ ಮೇಲೆಯೇ, ಅದರ ಕಂಬಗಳನ್ನೂ ಬರಹದ ಕಲ್ಲುಗಳನ್ನೂ ತಳಪಾಯಕ್ಕೆ ಹಾಕಿ, ಸಂತ ದೊನಾಟನ ದುಂಡನೆಯ ಇಗರ್ಜಿಯನ್ನು ಎತ್ತಿದರು. ಇಷ್ಟರಮಟ್ಟಿಗೆ ಸ್ಪ್ಲಿಟ್ಟಿನ ಕಥೆಯೇ. ಆದರೆ ಇಂದು ಪ್ರವಾಸಿಗಳು ಅದರ ಮುಂದೆ ಕಾಣುವ ವಿಶಾಲವಾದ ರೋಮನ್ ಚೌಕವು ತೆರೆದುಕೊಂಡಿರುವುದು ಅಲ್ಲಿದ್ದ ಮನೆಗಳು ನಾಶವಾದದ್ದರಿಂದ. ಆಗ ಇಟಲಿಗೆ ಸೇರಿದ್ದ ಈ ನಗರದ ಮೇಲೆ 1943 ಮತ್ತು 1944ರಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬಿನ ಮಳೆಗರೆದವು. ಅವಶೇಷಗಳನ್ನು ತೆರವು ಮಾಡಿದ ಮೇಲೆ ಮತ್ತೆ ಕಟ್ಟದೆ ಚೌಕವನ್ನು ಹಾಗೆಯೇ ಬಿಟ್ಟರು. ಪುರಾತತ್ತ್ವಕ್ಕೆ ಲಾಭವಾಯಿತು ನಿಜ. ಈ ಬೆಲೆಗೆ ಇಂಥ ಲಾಭವನ್ನು ಬಯಸುವ ಪುರಾತತ್ತ್ವಜ್ಞನು ಇರಲಾರನು. ಚೌಕದ ಒಂದು ರೋಮನ್ ಕಂಬವು ಮಧ್ಯಯುಗದಲ್ಲಿ ಅಪರಾಧಿಗಳನ್ನು ಕಟ್ಟಿ ಅವಮಾನಪಡಿಸಲು ಉಪಯೋಗವಾಗುತ್ತಿತ್ತು. ಸರಪಣಿಯ ಗುರುತುಗಳಿನ್ನೂ ಇವೆ. ಯುದ್ಧಾನಂತರ ಕಾಂಕ್ರೀಟಿನಲ್ಲಿ ಕಟ್ಟಿದ ಸಮುದ್ರದಂಡೆಯಲ್ಲಿ 2005ರಲ್ಲಿ ವಾಸ್ತುಶಿಲ್ಪಿ ನಿಕೊಲಾ ಬಾಶಿಚ್ ಅವರು ಮೆಟ್ಟಲುಗಳ ಕೆಳಗೆ ಕೊಳವೆಗಳನ್ನು ಅಳವಡಿಸಿದ್ದಾರೆ. ತೆರೆಗಳು ಅವುಗಳಲ್ಲಿ ಗಾಳಿಯನ್ನು ನೂಕಿದಾಗ ನಾದ ಹೊರಡುತ್ತದೆ. ಸಂಜೆ ಊರಿನವರೂ ಪರಸ್ಥಳದವರೂ ಅಲ್ಲಿ ಕುಳಿತಿರುತ್ತಾರೆ.

ದಕ್ಷಿಣದ ಡುಬ್ರೋವ್ನಿಕ್ ನಗರವು ಪ್ರತ್ಯೇಕ ಗಣರಾಜ್ಯವಾಗಿದ್ದು, ಅದರ ಚರಿತ್ರೆ ಬೇರೆ ಜಾಡಿನದು; ಅದನ್ನು ಇಲ್ಲಿ ವಿವರಿಸಲು ತೊಡಗಿಲ್ಲ. ಬದಲಾಗಿ, ಪಟ್ಟಿಗಳಲ್ಲಿ ಕೊನೆಗೆ ಬರುವ, ನೋಡಲು ಕಟ್ಟಡವೇ ಇಲ್ಲದ ಒಂದು ಸ್ಥಳವನ್ನು ಹೇಳುತ್ತೇವೆ. ಸ್ಪ್ಲಿಟ್ಟಿನಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆಯ ಪ್ರಯಾಣದ ಹ್ವಾರ್ ದ್ವೀಪದಲ್ಲಿ, ಸ್ತಾರಿಗ್ರಾದ್ ಎಂಬ ಪೇಟೆಯ ಹಿಂದೆ ಒಂದು ಬಯಲಿದೆ. ಕ್ರಿ.ಪೂ. 384ರಲ್ಲಿ ಗ್ರೀಸಿನ ಪಾರೋಸ್ ದ್ವೀಪದವರು ಇಲ್ಲಿಗೆ ಬಂದು ಫಾರೋಸ್ ಎಂಬ ವಸಾಹತನ್ನು ಸ್ಥಾಪಿಸಿದರು. ಬಯಲನ್ನು ಅಳೆದು, ಸುಮಾರು 905 ಮೀಟರು ಉದ್ದ, 181 ಮೀಟರು ಅಗಲದ ಸಮಾನ ಹಿಡುವಳಿಗಳನ್ನಾಗಿ ಹಂಚಿ, ಗಾರೆಯಿಲ್ಲದ ಕಲ್ಲುಗೋಡೆಗಳನ್ನು ಗಡಿಗಳಿಗೆ ಹಾಕಿದರು. ಅವರ ಮನೆಗಳು, ಗುಡಿಗಳು ಹೋದವು, ಭಾಷೆಯೂ ಹೋಯಿತು. ಗಡಿಗಳು ಉಳಿದವು. ರೋಮನರು ಅವನ್ನೇ ಅನುಸರಿಸಿದರು. ಸ್ಲಾವ್ ರೈತರು ಅವನ್ನೇ ಅನುಸರಿಸಿದರು. ಗ್ರೀಕರು ಹಾಕಿದ ದ್ರಾಕ್ಷಿ ಮತ್ತು ಆಲಿವ್ ಬೆಳೆಗಳೇ ಇಂದಿಗೂ ಆ ಗಡಿಗಳ ನಡುವೆ ನಿಂತಿವೆ. 2008ರಲ್ಲಿ ಯುನೆಸ್ಕೋ ಈ ಬಯಲನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಗಾರೆಯಿಲ್ಲದ ಗೋಡೆಯಿಂದ ಕಲ್ಲು ಜಾರುವುದು ಸಹಜ. ಹೊಲದೊಡೆಯನು ಅದನ್ನು ಎತ್ತಿ ಮತ್ತೆ ಅದರ ಸ್ಥಾನದಲ್ಲಿಡಬೇಕು. ಉಳುಮೆ ನಿಂತ ಹೊಲಗಳಲ್ಲಿ ಕುರುಚಲು ಬೆಳೆದು ಕಲ್ಲುಗಳು ಬಿದ್ದಲ್ಲಿಯೇ ಬಿದ್ದಿರುತ್ತವೆ. ನಾವು ಹೋದ ದಿನ ಒಬ್ಬ ರೈತನು ದ್ರಾಕ್ಷಿಯ ಬುಟ್ಟಿಯನ್ನು ಕೆಳಗಿಟ್ಟು, ಬೇಲಿಯ ಸಂದಿನಲ್ಲಿ ಬಿದ್ದಿದ್ದ ಎರಡು ಕಲ್ಲುಗಳನ್ನು ಎತ್ತಿಟ್ಟು, ಅಂಗೈಯಿಂದ ಒತ್ತಿ ನೋಡಿ, ಬುಟ್ಟಿಯನ್ನು ಹೊತ್ತು ಹೊರಟುಹೋದನು.